ಗಜ್ಜರಿಯ ಅರ್ಧ ಎಲ್ಲಿದೆ?

ವರ್ಷಕ್ಕೊಮ್ಮೆ ಶಾಲೆಯ ಅಂಗಳದಲ್ಲಿ ನಡೆಯುವ ಮಕ್ಕಳ ಸಂತೆ ಎಲ್ಲರಿಗೂ ಗೊತ್ತು. ಮೆಂತೆ ಸಿವುಡು, ಲಿಂಬಿಹಣ್ಣು, ಚುರುಮರಿ, ಮಿರ್ಚಿ ಮಾರಾಟವಾಗಿ, ಲಾಭ-ನಷ್ಟದ ಲೆಕ್ಕವಾಗಿ, ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದರೆ ಮುಗಿಯಿತು. ಅದು ಹಬ್ಬ, ಇರಲಿ. ಹಬ್ಬವಿಲ್ಲದ ದಿನ, 40 ನಿಮಿಷದ ಅವಧಿಯಲ್ಲಿ, 40 ಮಕ್ಕಳ ನಡುವೆ ಕಾಯಿಪಲ್ಯೆ ಹಿಡಿದು ಗಣಿತ, ವಿಜ್ಞಾನ, ಸಮಾಜ ಕಲಿಸುವುದು ಬೇರೆಯದೇ ಕೆಲಸ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿ ಶಾಲೆಗಳಲ್ಲಿ ನಾವು ಕೆಲವು ಶಿಕ್ಷಕರು ಮಾಡುತ್ತ ಬಂದಿರುವ ಬಗೆಯನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಒಂದು ಮಾತು. ಕಾಯಿಪಲ್ಯೆಯನ್ನು ಚಿತ್ರಪಟದ ಬದಲಿಗೆ ಎತ್ತಿ ತೋರಿಸುವುದಾದರೆ ಕಾಸು ದಂಡ. ‘ಇದು ಬದನಿಕಾಯಿ’ ಎಂದು ಐದನೇ ತರಗತಿಯ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಜೆಯಲ್ಲಿ ಹೊಲಕ್ಕೆ ಹೋಗಿ ಬುಟ್ಟಿಗಟ್ಟಲೆ ಹರಿದವನು ಅವನೇ. ಕೊಯ್ದು, ತೂಗಿ, ನೀರಿಗೆ ಹಾಕಿ ನೋಡದ ಹೊರತು ಉತ್ತರ ಸಿಗದಂಥ ಪ್ರಶ್ನೆ ನಮ್ಮ ಕೈಯಲ್ಲಿದ್ದಾಗ ಮಾತ್ರ ಅದನ್ನು ತರಗತಿಯೊಳಗೆ ತರಬೇಕು. ಅದಕ್ಕೇ ಎಲ್ಲ ಚಟುವಟಿಕೆಯಲ್ಲೂ ಮೊದಲು ಊಹೆ ಬರೆಸುತ್ತೇವೆ, ಆಮೇಲೆ ಕತ್ತಿ ಮುಟ್ಟುತ್ತೇವೆ. ಊಹೆ ಬರೆಯದೆ ನೋಡಿದ ಮಗು ‘ನನಗ ಮೊದ್ಲ ಗೊತ್ತಿತ್ರಿ’ ಅನ್ನುತ್ತದೆ, ಕಲಿತದ್ದು ಏನೆಂಬುದು ಅದಕ್ಕೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಸಾಮಾನಿಗೆ ಬೆಳಗ್ಗೆ ಆರಿಸಿ ಕೊಳ್ಳುವ ದುಬಾರಿ ಮಾಲು ಬೇಡ. ಸಂಜೆ ಸಂತೆ ಎತ್ತುವ ಹೊತ್ತಿಗೆ ಗುಂಪು ಹಾಕಿ ಕೊಡುವ ಸೊಟ್ಟ ಗಜ್ಜರಿ, ಗೋಲಿಯಷ್ಟಕ್ಕೆ ನಿಂತ ಉಳ್ಳಾಗಡ್ಡಿ, ಬಲಿತ ಬೆಂಡಿಕಾಯಿ ಸಾಕು. ಪಾಠಕ್ಕೆ ಅವೇ ವಾಸಿ. ನೀರು ಹೆಚ್ಚುಕಡಿಮೆಯಾದಾಗ ದಾಳಿಂಬರಿ ಸೀಳುತ್ತದೆ. ಸೀಳಿದ ಕಾಯಿ ಪೇಟೆಗೆ ಹೋಗುವುದಿಲ್ಲ, ತೋಟದವರನ್ನು ಕೇಳಿದರೆ ಕೊಡುತ್ತಾರೆ. ‘ನಾಳೆ ಮನೆಯಿಂದ ಟೊಮೆಟೊ ತಗೊಂಡು ಬರ್ರಿ’ ಎಂದು ಮಕ್ಕಳಿಗೆ ಹೇಳುವುದನ್ನು ಬಿಟ್ಟುಬಿಡಬೇಕು. ದರ ಏರಿದ ತಿಂಗಳು ಒಂದು ಟೊಮೆಟೊ ಕೊಡಲಿಕ್ಕೂ ಹಿಂದೆಮುಂದೆ ನೋಡುವ ಮನೆಗಳಿವೆ, ತರಲಾಗದ ಮಗು ಅವತ್ತು ಶಾಲೆಗೇ ಬರುವುದಿಲ್ಲ. ಕೇಳುವುದಿದ್ದರೆ ಉಳ್ಳಾಗಡ್ಡಿ ಸಿಪ್ಪೆ, ಹಿಂಡಿದ ಲಿಂಬಿ ಹೋಳು, ಬೀಜ, ಹೀಗೆ ಎಸೆಯುವುದನ್ನೇ ಕೇಳಬೇಕು. ಬಿಸಿಯೂಟದ ದಾಸ್ತಾನನ್ನು ಮುಟ್ಟಬಾರದು, ಅದಕ್ಕೆ ಲೆಕ್ಕವಿದೆ. ಆದರೆ ಸಿಪ್ಪೆ, ತೊಟ್ಟನ್ನು ಬೇರೆ ಬುಟ್ಟಿಗೆ ಹಾಕಿಡ್ರೀ ಅಕ್ಕಾ ಎಂದರೆ ಅಡುಗೆಯವರು ಹಾಕಿಡುತ್ತಾರೆ.

ಸಲಕರಣೆಯಲ್ಲಿ ದುಡ್ಡು ಹಾಕಬೇಕಾದದ್ದು ಒಂದಕ್ಕೆ ಮಾತ್ರ: 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ. ಕಿರಾಣಿ ಅಂಗಡಿಯ ಯಂತ್ರ ಸಾಮಾನ್ಯವಾಗಿ 5 ಗ್ರಾಂ ಲೆಕ್ಕದಲ್ಲಿ ಜಿಗಿಯುತ್ತದೆ. ಒಂದು ಮೆಣಸಿನಕಾಯಿ ಇಟ್ಟರೆ ಸೊನ್ನೆಯನ್ನೇ ತೋರಿಸೀತು. (ಅದನ್ನೂ ಪಾಠ ಮಾಡಬಹುದು. 20 ಮೆಣಸಿನಕಾಯಿ ಒಟ್ಟಿಗೆ ಇಟ್ಟು ತೂಗಿ 20ರಿಂದ ಭಾಗಿಸಿದರೆ ಸರಾಸರಿ ಏಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.) ಉಳಿದದ್ದು ಸ್ಟೀಲ್ ತಟ್ಟೆ, ಸೂಜಿ ತೆಗೆದ 5 ಮಿ.ಲೀ. ಸಿರಿಂಜು, ದಾರ, ಸ್ಕೇಲು, ಒಂದು ಬಕೆಟ್. ಐವರಂತೆ ಎಂಟು ಗುಂಪು. ಚಾಕು, ಇಳಿಗೆ ಶಿಕ್ಷಕರ ಮೇಜಿನ ಮೇಲೆ ಮಾತ್ರ. ಚಿಕ್ಕವರಿಗೆ ಬೇಯಿಸಿದ ಆಲೂಗಡ್ಡೆ ಕೊಟ್ಟರೆ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದ ಹೊಲಿಗೆ ದಾರದಿಂದ ನೀಟಾಗಿ ಕೊಯ್ಯುತ್ತಾರೆ.

ಭಿನ್ನರಾಶಿಗೆ ಎಲ್ಲರೂ ಹಿಡಿಯುವುದು ರೊಟ್ಟಿ ಇಲ್ಲವೇ ಸೇಬು. ಅರ್ಧ ಮಾಡು ಎಂದರೆ ಮಗು ನಡುವೆ ಗೆರೆ ಎಳೆಯುತ್ತದೆ, ಎರಡೂ ಭಾಗ ಒಂದೇ ಥರ ಕಾಣುತ್ತವೆ. ಅಲ್ಲಿ ಪ್ರಶ್ನೆಯೇ ಹುಟ್ಟುವುದಿಲ್ಲ. ಅದರ ಬದಲು ಗಜ್ಜರಿ ತೆಗೆದುಕೊಳ್ಳಬೇಕು, ಒಂದು ತುದಿ ದಪ್ಪ, ಇನ್ನೊಂದು ಚೂಪಾಗಿ ಇಳಿದಿರುವಂಥದ್ದು. 15 ಸೆಂ.ಮೀ. ಉದ್ದವಿದ್ದರೆ ಸ್ಕೇಲಿಟ್ಟು 7.5ಕ್ಕೆ ಗುರುತು ಹಾಕಿ ಕೊಯ್ದು ಎರಡೂ ಹೋಳನ್ನು ತೂಗಿಸಬೇಕು. ದಪ್ಪ ಹೋಳು ಚೂಪು ಹೋಳಿನ ಎರಡು-ಮೂರು ಪಟ್ಟು ಬರುತ್ತದೆ. ‘ಸರ, ಇದು ಅರ್ಧ ಅಲ್ರಿ!’ ಎಂಬ ಕೂಗು ಗ್ಯಾರಂಟಿ. ಸ್ಕೇಲು ಹಿಡಿದವನು ಅರ್ಧವೇ ಅನ್ನುತ್ತಾನೆ, ತೂಕದ ಯಂತ್ರದ ಮುಂದೆ ಕೂತವಳು ಒಪ್ಪುವುದಿಲ್ಲ. ಯಾವುದರ ಅರ್ಧ ಎಂದು ಕೇಳುವವರೆಗೂ ಆ ಜಗಳ ಬಗೆಹರಿಯುವುದಿಲ್ಲ. ಅದನ್ನು ಬಗೆಹರಿಸುವ ಆತುರ ಶಿಕ್ಷಕರಿಗೆ ಇರಬಾರದು.

ಮುಂದಿನ ಕೆಲಸ, ತೂಕದಲ್ಲಿ ಸರಿ ಅರ್ಧ ಬರುವಂತೆ ಎಲ್ಲಿ ಕೊಯ್ಯಬೇಕೆಂದು ಹುಡುಕುವುದು. ಪ್ರತಿ ಗುಂಪಿಗೂ ಒಂದು ಹೊಸ ಗಜ್ಜರಿ, ಒಂದೇ ಕೊಯ್ತ. ಎಲ್ಲರ ಗುರುತೂ ದಪ್ಪ ತುದಿಯ ಕಡೆಗೆ ಸರಿದಿರುತ್ತದೆ. ಗಜ್ಜರಿ ಕರಾರುವಾಕ್ಕಾದ ಶಂಕುವಾಗಿದ್ದರೆ ದಪ್ಪ ತುದಿಯಿಂದ ಸುಮಾರು 3 ಸೆಂ.ಮೀ.ನಲ್ಲೇ ಅರ್ಧ ಬಂದುಬಿಡುತ್ತದೆ. ನಿಜವಾದ ಗಜ್ಜರಿ ಅಷ್ಟು ಚೂಪಾಗಿ ಇಳಿಯುವುದಿಲ್ಲವಾದ್ದರಿಂದ ಗುರುತು ಇನ್ನಷ್ಟು ನಡುವಿನ ಕಡೆ ಬರುತ್ತದೆ. ಶಂಕುವಿನ ಘನಫಲ ಓದಿದ ಪ್ರೌಢಶಾಲೆಯ ಮಕ್ಕಳು ಈ 3 ಸೆಂ.ಮೀ. ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ತೋರಿಸಬಹುದು.

ಇದಕ್ಕಿಂತ ಸ್ವಾರಸ್ಯದ್ದು ದಾರದ ಪ್ರಯೋಗ. ಗಜ್ಜರಿಗೆ ದಾರ ಸುತ್ತಿ ಎತ್ತಿ ಹಿಡಿದು, ನೆಲಕ್ಕೆ ಸಮನಾಗಿ ನಿಲ್ಲುವವರೆಗೆ ಹಿಂದೆಮುಂದೆ ಸರಿಸಬೇಕು. ನಿಂತಲ್ಲಿ ಗುರುತು. ಈಗ ಕೇಳಬೇಕು: ಇಲ್ಲೇ ಕೊಯ್ದರೆ ಯಾವ ಹೋಳು ಭಾರ? ಹೆಚ್ಚುಕಡಿಮೆ ಇಡೀ ತರಗತಿ ‘ಎರಡೂ ಸಮ’ ಅನ್ನುತ್ತದೆ, ತಕ್ಕಡಿ ಸಮ ನಿಂತ ಹಾಗೆ ಕಾಣುತ್ತದಲ್ಲ. ಕೊಯ್ದು ತೂಗಿದರೆ ದಪ್ಪ ಹೋಳೇ ಭಾರ. ಶಂಕುವಿನ ಲೆಕ್ಕದಲ್ಲಿ 100 ಗ್ರಾಂಗೆ ಸುಮಾರು 58 ಮತ್ತು 42. ಚೂಪು ಭಾಗ ಹಗುರ, ಆದರೆ ಅದರ ತೂಕ ದಾರದಿಂದ ದೂರದಲ್ಲಿದೆ. ತಿರುಗಿಸುವ ಶಕ್ತಿಗೆ ತೂಕದ ಜೊತೆಗೆ ದೂರವೂ ಲೆಕ್ಕಕ್ಕೆ ಬರುತ್ತದೆ. ತಕ್ಕಡಿಯಲ್ಲಿ ಎರಡೂ ಪರಡಿ ಒಂದೇ ದೂರದಲ್ಲಿ ಇರುವುದು ಯಾಕೆ ಎಂಬ ಪ್ರಶ್ನೆಗೆ ಅಲ್ಲಿಂದ ಹೋಗಬಹುದು. ಸನ್ನೆಕೋಲಿನ ಪಾಠವನ್ನು ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ನಮಗೆ ಕಂಡಿಲ್ಲ.

ಇಲ್ಲಿ ಕೆಡುವುದು ಮೂರು ಕಡೆ. ಬಾಡಿದ ಗಜ್ಜರಿ ದಾರದ ಮೇಲೆ ಬಾಗುತ್ತದೆ, ಹಿಂದಿನ ರಾತ್ರಿ ನೀರಿನಲ್ಲಿಟ್ಟರೆ ಬಿಗಿಯಾಗುತ್ತದೆ. ದಾರ ಜಾರುತ್ತದೆ, ಗಂಟನ್ನು ಒಂದೇ ಸುತ್ತಿಗೆ ಬಿಗಿದು ಕೈಯಿಂದ ಸರಿಸಬೇಕು. ಇನ್ನು 102 ಗ್ರಾಂ ಇದ್ದ ಗಜ್ಜರಿಯ ಹೋಳುಗಳ ಮೊತ್ತ 101 ಬಂದಾಗ ಮಕ್ಕಳು ಗಾಬರಿಯಾಗಿ ಅಂಕಿ ತಿದ್ದಿಬಿಡುತ್ತಾರೆ. ತಿದ್ದಲು ಬಿಡಬಾರದು. ಚಾಕುವಿಗೆ ಅಂಟಿದ ತುಣುಕು, ರಸ, ಯಂತ್ರದ ಗ್ರಾಂಗಿಂತ ಕೆಳಗಿನ ಲೆಕ್ಕ, ಎಲ್ಲಿ ಹೋಯಿತು ಆ 1 ಗ್ರಾಂ ಎಂದು ಹುಡುಕಿಸಬೇಕು.

ತೇಲು-ಮುಳುಗು ಆಟ ಎಲ್ಲರೂ ಆಡಿಸುತ್ತಾರೆ, ಆದರೆ ವಸ್ತುಗಳ ಆಯ್ಕೆ ಜಾಣತನದಿಂದ ಆಗಿರುವುದಿಲ್ಲ. ಭಾರ ಇದ್ದದ್ದು ಮುಳುಗುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸುವ ಜೋಡಿ ಬೇಕು: ಒಂದು ಕಲ್ಲಂಗಡಿ, ಒಂದು ದ್ರಾಕ್ಷಿ. ಎರಡು-ಮೂರು ಕೆಜಿಯ ಕಲ್ಲಂಗಡಿ ಬಕೆಟ್ಟಿನಲ್ಲಿ ತೇಲುತ್ತದೆ, ಕೈಯಲ್ಲಿ ತೂಕವೇ ಗೊತ್ತಾಗದ ದ್ರಾಕ್ಷಿ ನೇರ ತಳಕ್ಕೆ. ಸಿಹಿಗುಂಬಳವೂ ತೇಲುತ್ತದೆ. ಆಮೇಲೆ ಆಲೂಗಡ್ಡೆ ಮುಳುಗಿಸಿ, ಅದರಿಂದ ಕಡಲೆಕಾಳಿನಷ್ಟು ಚೂರು ಕೊಯ್ದು ಹಾಕಿದರೆ ಅದೂ ಮುಳುಗುತ್ತದೆ. ಬದನಿಕಾಯಿ ಇಡಿಯೂ ತೇಲುತ್ತದೆ, ಚೂರೂ ತೇಲುತ್ತದೆ. ಚೂರನ್ನು ನೀರೊಳಗೇ ಹಿಸುಕಿದರೆ ಗುಳ್ಳೆ ಬಂದು ಕೊನೆಗೆ ಮುಳುಗುತ್ತದೆ, ಒಳಗೆ ಗಾಳಿ ಇತ್ತು. ಇಷ್ಟಾದ ಮೇಲೆ ಸಾಂದ್ರತೆ ಎಂಬ ಮಾತನ್ನು ಹಲಗೆಯ ಮೇಲೆ ಬರೆದರೆ ಅದಕ್ಕೆ ನೆಲೆ ಸಿಗುತ್ತದೆ.

ಆಲೂಗಡ್ಡೆಯನ್ನು ತೇಲಿಸಲು 1 ಲೀಟರ್ ನೀರಿಗೆ 100ರಿಂದ 150 ಗ್ರಾಂ ಉಪ್ಪು ಬೇಕು. ಎರಡು ಚಮಚ ಹಾಕಿ ‘ತೇಲವಲ್ದು’ ಎಂದು ಕೈಬಿಡುವವರೇ ಹೆಚ್ಚು. ಸಣ್ಣ ಆಲೂಗಡ್ಡೆ ಆರಿಸಿ, 100 ಗ್ರಾಂ ಕರಗಿಸಿ, ಆಮೇಲೆ ಚಮಚದಂತೆ ಸೇರಿಸುತ್ತ ಎಣಿಸಬೇಕು. ಹರಳುಪ್ಪು ಸರಿಯಾಗಿ ಕಲಕದೆ ಬಿಟ್ಟರೆ ತಳದ ನೀರು ಮಾತ್ರ ಗಟ್ಟಿಯಾಗಿ ಆಲೂಗಡ್ಡೆ ನಡುಮಧ್ಯೆ ನಿಂತುಬಿಡುತ್ತದೆ. ಅದೂ ನೋಡಬೇಕಾದ್ದೇ, ಯಾಕೆಂದು ಕೇಳಬೇಕಾದ್ದೇ.

ಪಿಷ್ಟದ ಪರೀಕ್ಷೆಗೆ ಅಯೋಡಿನ್ ಬೇಕು, ಪಿಷ್ಟ ಇದ್ದಲ್ಲಿ ಅದು ನೀಲಿಗಪ್ಪಾಗುತ್ತದೆ. ಪ್ರಯೋಗಾಲಯದ ದ್ರಾವಣ ಇಲ್ಲದಿದ್ದರೆ ಗಾಯಕ್ಕೆ ಹಚ್ಚುವ ಬೆಟಾಡಿನ್ ನಡೆಯುತ್ತದೆ: 1 ಮಿ.ಲೀ.ಗೆ 10 ಮಿ.ಲೀ. ನೀರು. ನೇರ ಬಾಟಲಿಯಿಂದ ಹನಿಸಿದರೆ ಅದರದೇ ಕಡುಕಂದು ಬಣ್ಣಕ್ಕೆ ಎಲ್ಲವೂ ಕಪ್ಪಾಗಿ ಕಂಡು, ಸವತಿಕಾಯಲ್ಲೂ ಪಿಷ್ಟ ಇದೆ ಎಂದು ಬರೆದುಕೊಳ್ಳುತ್ತಾರೆ. ಇನ್ನೊಂದು ಮೋಸ ನೋಟ್‌ಬುಕ್ ಹಾಳೆಯದು. ಹೋಳುಗಳನ್ನು ಹಾಳೆಯ ಮೇಲಿಟ್ಟು ಹನಿಸಿದರೆ ಹಾಳೆಯೇ ಕಪ್ಪಾಗುತ್ತದೆ, ಕಾಗದ ತಯಾರಿಸುವಾಗ ಪಿಷ್ಟ ಬಳಸುವುದರಿಂದ. ಸ್ಟೀಲ್ ತಟ್ಟೆ ಅಥವಾ ಬಾಳೆಎಲೆ ಒಳ್ಳೆಯದು. ಆಲೂಗಡ್ಡೆ ಕೊಯ್ದ ಚಾಕುವನ್ನು ತೊಳೆಯದೆ ಉಳ್ಳಾಗಡ್ಡಿ ಕೊಯ್ದರೂ ಸುಳ್ಳು ಉತ್ತರ ಬರುತ್ತದೆ. ಉಳ್ಳಾಗಡ್ಡಿಯಲ್ಲಿ ಪಿಷ್ಟ ಸಂಗ್ರಹವಾಗುವುದಿಲ್ಲ, ಅದು ಕಂದಾಗಿಯೇ ಉಳಿಯಬೇಕು. ಗಡ್ಡೆ ಅಂದಮೇಲೆ ಪಿಷ್ಟ ಇರಲೇಬೇಕು ಎಂದು ಊಹೆ ಬರೆದವರಿಗೆ ಇದೇ ಪಾಠ.

ಬಿಸಿಯೂಟದ ಅನ್ನವನ್ನೂ ಪರೀಕ್ಷಿಸಬಹುದು, ಆರಿದ ಮೇಲೆ. ಹಬೆಯಾಡುವ ಅನ್ನದ ಮೇಲೆ ಹನಿಸಿದರೆ ಕಪ್ಪು ಸರಿಯಾಗಿ ಏಳುವುದಿಲ್ಲ. ಬಿಸಿಯಲ್ಲಿ ಪಿಷ್ಟ-ಅಯೋಡಿನ್ ಜೋಡಣೆ ಬಿಡುತ್ತದೆ, ಆರಿದ ಹಾಗೆ ಬಣ್ಣ ಬರುತ್ತದೆ.

ಈ ಪರೀಕ್ಷೆಯ ಜೀವಾಳ ಬಾಳೆ. ಆನೆಗೊಂದಿ, ಗಂಗಾವತಿ ಕಡೆ ಬಾಳೆಗೇನು ಕೊರತೆಯಿಲ್ಲ. ಒಂದೇ ಗೊನೆಯ ಒಂದು ಹಣಿಗೆ ಬಾಳೆಕಾಯಿ ತಂದು ತರಗತಿಯಲ್ಲೇ ಇಟ್ಟು, ದಿನಕ್ಕೊಂದು ಕಾಯಿಯನ್ನು ಅಡ್ಡ ಕೊಯ್ದು, ಅಯೋಡಿನ್ ಹಾಕಿದ ತಟ್ಟೆಯಲ್ಲಿ ಕೊಯ್ದ ಮುಖವನ್ನು ಒಂದು ನಿಮಿಷ ಅದ್ದಿಡಬೇಕು. ಮೊದಲ ದಿನ ಇದ್ದಿಲಿನಂಥ ಕಪ್ಪು. ಸಿಪ್ಪೆ ಹಳದಿಗೆ ತಿರುಗಿದ ದಿನ ಕಪ್ಪು ತೇಪೆ ತೇಪೆ. ಚುಕ್ಕೆ ಬಿದ್ದು ಘಮ್ ಎನ್ನುವ ಹೊತ್ತಿಗೆ ಬರೀ ಕಂದು. ಪಿಷ್ಟ ಸಕ್ಕರೆಯಾಗುವುದನ್ನು ಕಣ್ಣಾರೆ ಕಂಡ ಹಾಗೆ. ಕೊಯ್ದ ಇನ್ನೊಂದು ಅರ್ಧವನ್ನು ಅಯೋಡಿನ್‌ಗೆ ಮೊದಲೇ ಬೇರೆ ತೆಗೆದಿಟ್ಟು ರುಚಿ ನೋಡಿಸಬೇಕು. ಅಯೋಡಿನ್ ಮುಟ್ಟಿದ್ದು ಬಾಯಿಗೂ ಬೇಡ, ದನದ ಬುಟ್ಟಿಗೂ ಬೇಡ. ಅದಕ್ಕೊಂದು ಡಬ್ಬಿ ಬೇರೆ.

ಅದೇ ಅಯೋಡಿನ್ ಸಿ ಜೀವಸತ್ವಕ್ಕೂ ಬರುತ್ತದೆ, ಪಿಷ್ಟ-ಅಯೋಡಿನ್ನಿನ ನೀಲಿಯನ್ನು ಸಿ ಜೀವಸತ್ವ ಅಳಿಸುತ್ತದೆ. ಅರ್ಧ ಚಮಚ ಅಕ್ಕಿಹಿಟ್ಟನ್ನು ಒಂದು ಲೋಟ ನೀರಲ್ಲಿ ಕುದಿಸಿ ಆರಿಸಿದ ಗಂಜಿ, ಅದರಲ್ಲಿ 5 ಮಿ.ಲೀ. ತೆಗೆದು 100 ಮಿ.ಲೀ. ನೀರಿಗೆ, ಮೇಲೆ ಕೆಲವು ಹನಿ ಅಯೋಡಿನ್, ನೀಲಿ ನೀರು ಸಿದ್ಧ. ಪಾರದರ್ಶಕ ಲೋಟಗಳಿಗೆ 10 ಮಿ.ಲೀ.ನಂತೆ ಸುರಿದು, ಒಂದೊಂದಕ್ಕೆ ಒಂದೊಂದು ರಸವನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡುತ್ತ ನೀಲಿ ಅಳಿಯುವವರೆಗೆ ಎಣಿಸುವುದು. ಲಿಂಬಿಗಿಂತ ಪೇರಲ ಕಡಿಮೆ ಹನಿಯಲ್ಲಿ ಕೆಲಸ ಮುಗಿಸುತ್ತದೆ, ನೆಲ್ಲಿಕಾಯಿಯೂ ಹಾಗೆಯೇ. ಹುಣಸೆಹಣ್ಣಿನ ರಸ ಹಾಕುತ್ತ ಹೋದರೂ ನೀಲಿ ಹಟ ಬಿಡುವುದಿಲ್ಲ. ಹುಳಿ ಇದ್ದಲ್ಲೆಲ್ಲ ಸಿ ಜೀವಸತ್ವ ಎಂದುಕೊಂಡಿದ್ದವರಿಗೆ (ಶಿಕ್ಷಕರಲ್ಲೂ ಇದ್ದೇವೆ) ಇಲ್ಲಿ ಪೆಟ್ಟು: ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು. ಪೇರಲವನ್ನು ಸ್ವಲ್ಪ ನೀರಲ್ಲಿ ಜಜ್ಜಿ ಬಟ್ಟೆಯಲ್ಲಿ ಸೋಸಬೇಕು, ಎಷ್ಟು ಹಣ್ಣಿಗೆ ಎಷ್ಟು ನೀರು ಎಂಬುದು ಎಲ್ಲಕ್ಕೂ ಒಂದೇ ಇರಬೇಕು. ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ದಾಳಿಂಬರಿ, ನೇರಳೆ ಬೇಡ, ಅವುಗಳ ಬಣ್ಣದಲ್ಲಿ ನೀಲಿ ಹೋದದ್ದೇ ಕಾಣುವುದಿಲ್ಲ. ಹನಿಗಳ ಲೆಕ್ಕವನ್ನು ಸ್ತಂಭಾಲೇಖ ಮಾಡಿಸಿದಾಗ ಎತ್ತರದ ಕಂಬ ಅಂದರೆ ಕಡಿಮೆ ಜೀವಸತ್ವ ಎಂಬ ತಿರುವು ಬರುತ್ತದೆ. ಅದನ್ನು ಮಕ್ಕಳೇ ಹಿಡಿಯಲಿ.

ಆಮ್ಲ-ಪ್ರತ್ಯಾಮ್ಲಕ್ಕೆ ಬೀಟ್‌ರೂಟ್ ಕೊಳ್ಳುವವರಿದ್ದಾರೆ. ಬಣ್ಣವೇನೋ ಚಂದ, ಲಿಂಬಿಯಲ್ಲೂ ಕೆಂಪು, ಸೋಪಿನ ನೀರಲ್ಲೂ ಹೆಚ್ಚುಕಡಿಮೆ ಕೆಂಪೇ. ಬಹಳ ಪ್ರಬಲ ಪ್ರತ್ಯಾಮ್ಲಕ್ಕೆ ಮಾತ್ರ ಹಳದಿಯಾಗುತ್ತದೆ. ಪುಗಸಟ್ಟೆ ಸಿಗುವ ಕೆಂಪು ಉಳ್ಳಾಗಡ್ಡಿಯ ಒಣ ಸಿಪ್ಪೆ ಇದಕ್ಕಿಂತ ಲೇಸು. ಒಂದು ಹಿಡಿ ಸಿಪ್ಪೆಯನ್ನು ಕಾಲು ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿದರೆ ಕೆಂಗಂದು ನೀರು. ಲಿಂಬಿರಸಕ್ಕೆ ಗುಲಾಬಿ-ಕೆಂಪು, ಸುಣ್ಣದ ತಿಳಿಗೆ ಹಸಿರು ಬೆರೆತ ಹಳದಿ. ನೇರಳೆ ಬಣ್ಣದ ಬದನಿಕಾಯಿ ಸಿಪ್ಪೆಯಿಂದಲೂ ಆಗುತ್ತದೆ, ಆದರೆ ಬೇಗ ಕಂದಾಗುವುದರಿಂದ ಅವತ್ತೇ ಬಳಸಬೇಕು. ನಮ್ಮ ಕಡೆಯ ದೊಡ್ಡ ತೊಡಕು ನೀರು. ಬೋರ್‌ವೆಲ್ಲಿನ ಗಡಸು, ಸವುಳು ನೀರಲ್ಲಿ ಕುದಿಸಿದರೆ ಆರಂಭದಲ್ಲೇ ಬಣ್ಣ ಮಂಕಾಗಿ ಹಸಿರುಗಂದಿಗೆ ತಿರುಗಿರುತ್ತದೆ, ಆ ನೀರೇ ತುಸು ಪ್ರತ್ಯಾಮ್ಲೀಯ. ಶುದ್ಧ ನೀರಿನ ಘಟಕದ ಒಂದು ಬಾಟಲಿ ನೀರಿನಲ್ಲಿ ಒಂದು ಪಾತ್ರೆ, ಬೋರಿನ ನೀರಲ್ಲಿ ಇನ್ನೊಂದು ಪಾತ್ರೆ ಕುದಿಸಿ ಪಕ್ಕಪಕ್ಕ ಇಟ್ಟರೆ ಊರಿನ ನೀರಿನ ಬಗ್ಗೆಯೂ ಒಂದು ಪಾಠವಾಯಿತು. ಅರಿಶಿನದ ಹಾಳೆ ಎಲ್ಲರಿಗೂ ಗೊತ್ತಿರುವುದೇ. ಅದು ಪ್ರತ್ಯಾಮ್ಲವನ್ನು ಮಾತ್ರ ಕೆಂಪಾಗಿ ತೋರಿಸುತ್ತದೆ, ಲಿಂಬಿರಸವನ್ನೂ ಬರೀ ನೀರನ್ನೂ ಬೇರೆ ಮಾಡಲಾರದು ಎಂಬುದನ್ನು ಮಕ್ಕಳ ಬಾಯಲ್ಲೇ ಹೇಳಿಸಬೇಕು.

ಲಿಂಬಿಹಣ್ಣಿನಿಂದ ಎಲ್‌ಇಡಿ ಹೊತ್ತಿಸುವ ಪ್ರಯೋಗ ವಿಜ್ಞಾನ ಮೇಳಗಳಲ್ಲಿ ಸವೆದು ಹೋಗಿದೆ, ತಪ್ಪು ತಿಳಿವಳಿಕೆಯೂ ಅದರ ಜೊತೆಗೇ ಹರಡಿದೆ. ಕರೆಂಟು ಲಿಂಬಿಯೊಳಗೆ ಕೂತಿಲ್ಲ. ಸತುವಿನ ಲೇಪದ ಮೊಳೆಯಲ್ಲಿರುವ ಸತು ಕರಗುವಾಗ ಬರುವ ಶಕ್ತಿ ಅದು. ರಸ ನಡುವಿನ ದಾರಿ. ತೋರಿಸುವುದು ಸುಲಭ: ಮೊಳೆ ತೆಗೆದು ಎರಡೂ ಕಡೆ ತಾಮ್ರದ ತಂತಿ ಚುಚ್ಚಿದರೆ ಎಲ್ಲ ಸತ್ತಂತಾಗುತ್ತದೆ, ಲಿಂಬಿ ಅದೇ ಇದ್ದರೂ. ಒಂದು ಕೋಶಕ್ಕೆ (ಒಂದು ಮೊಳೆ, ಒಂದು ತಾಮ್ರದ ತಂತಿ, ನಡುವೆ ರಸ) ಸುಮಾರು 0.9 ವೋಲ್ಟ್, ಕೆಂಪು ಎಲ್‌ಇಡಿಗೆ 1.8ರಿಂದ 2 ಬೇಕು, ಹಾಗಾಗಿ ಸರಣಿಯಲ್ಲಿ ಮೂರು-ನಾಲ್ಕು. ಅದಕ್ಕಾಗಿ ನಾಲ್ಕು ಲಿಂಬಿ ಹಾಳು ಮಾಡಬೇಕಿಲ್ಲ, ಒಂದರ ರಸವನ್ನೇ ನಾಲ್ಕು ಬಾಟಲಿ ಮುಚ್ಚಳಕ್ಕೆ ಹಂಚಿದರೂ ನಡೆಯುತ್ತದೆ. ಟಾರ್ಚಿನ ಹಳೇ ಬಲ್ಬು ಹೊತ್ತುವುದಿಲ್ಲ, ಅದಕ್ಕೆ ಬೇಕಾದಷ್ಟು ವಿದ್ಯುತ್ ಪ್ರವಾಹ ಇಲ್ಲಿಲ್ಲ. ಹೊತ್ತದಿದ್ದಾಗ ನೋಡಬೇಕಾದವು: ಎಲ್‌ಇಡಿಯ ಉದ್ದ ಕಾಲು ತಾಮ್ರದ ಕಡೆಗಿದೆಯೇ, ತಂತಿಯ ಮೇಲಿನ ಲೇಪ ಕೆರೆದಿದೆಯೇ, ಮೊಳೆ-ತಂತಿ ಒಳಗೆ ಒಂದಕ್ಕೊಂದು ತಾಗಿವೆಯೇ, ಮೊಳೆ ಬರೀ ಕಬ್ಬಿಣದ್ದೇ. ಕಿಟಕಿ ಮುಚ್ಚಿ ನೋಡಿರಿ, ಬೆಳಕು ಮಂದ. ಆ ರಸದ ಪಾನಕ ಮಾಡಬಾರದು.

ಅಡ್ಡ ಕೊಯ್ತ ಸಮಮಿತಿಗೆ. ಬೆಂಡಿಕಾಯಿ ಸಾಮಾನ್ಯವಾಗಿ ಐದು ಕೋಣೆ, ತಿರುಗಿಸಿದರೆ 72 ಡಿಗ್ರಿಗೊಮ್ಮೆ ಅದೇ ಆಕಾರ. ಸವತಿಕಾಯಿಗೆ ಮೂರು, 120 ಡಿಗ್ರಿ. ಹೀರಿಕಾಯಿ ಹೊರಗೆ ಹತ್ತು ಏಣು, 36 ಡಿಗ್ರಿಗೊಂದು, ಒಳಗೆ ಮಾತ್ರ ಮೂರೇ ಕೋಣೆ. ಹಾಗಾದರೆ ಇಡೀ ಚಿತ್ರದ ಸಮಮಿತಿಯ ಕ್ರಮ (ಒಂದು ಸುತ್ತು ತಿರುಗಿಸಿದರೆ ಎಷ್ಟು ಸಲ ಅದೇ ಆಕಾರ) ಎಷ್ಟು ಎಂಬ ಪ್ರಶ್ನೆಗೆ ಏಳನೇ ತರಗತಿಯವರು ಅರ್ಧ ತಾಸು ತಲೆ ಕೆಡಿಸಿಕೊಳ್ಳುತ್ತಾರೆ. ಅಚ್ಚೊತ್ತುವಾಗ ಬೆಂಡಿಕಾಯಿಯ ಲೋಳೆಯಿಂದ ಬಣ್ಣ ಜಾರುತ್ತದೆ. ಕೊಯ್ದು ಕಾಲು ಗಂಟೆ ಗಾಳಿಗಿಟ್ಟು, ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಕುಂಕುಮದ ನೀರಿಗೆ ಅದ್ದಿದರೆ ಐದೆಸಳಿನ ಹೂವು ಸ್ಪಷ್ಟವಾಗಿ ಮೂಡುತ್ತದೆ. ಆರು ಕೋಣೆಯ ಬೆಂಡಿಕಾಯಿ ಸಿಕ್ಕರೆ ಎಸೆಯಬೇಡಿ. ಪುಸ್ತಕಕ್ಕೆ ಹೊಂದದ್ದು ಸಿಕ್ಕಿದಾಗಲೇ ಎಣಿಕೆ ಶುರುವಾಗುವುದು. ಬಳ್ಳಾರಿ ಕಡೆಯವರಿಗೆ ಅಂಜೂರ ಸುಲಭ. ಉದ್ದ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಒಳಗೋಡೆಯ ತುಂಬ ಸಾಲುಗಟ್ಟಿದ ಪುಟ್ಟ ಹೂಗಳು. ಹೂವಿಲ್ಲದೆ ಹಣ್ಣಾಗುವ ಗಿಡ ಎಂದು ಊರಲ್ಲಿ ಹೇಳುವುದುಂಟಲ್ಲ, ಹೂವು ಒಳಗಿತ್ತು, ಅಷ್ಟೆ.

ದಾಳಿಂಬರಿ ಮೂರು-ನಾಲ್ಕನೇ ತರಗತಿಗೆ. ಒಂದು ಹಣ್ಣಿನಲ್ಲಿ ಎಷ್ಟು ಕಾಳು? ಊಹೆ 50ರಿಂದ ಸಾವಿರದವರೆಗೆ ಬರುತ್ತದೆ. ಸುಮ್ಮನೆ ಎಣಿಸಲು ಬಿಟ್ಟರೆ ಎಪ್ಪತ್ತರ ಆಸುಪಾಸು ಯಾರೋ ಮಾತಾಡಿಸಿ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ. ಎರಡು ಸಲ ಹಾಗಾದ ಮೇಲೆ ಹತ್ತರ ಗುಡ್ಡೆ ಮಾಡುವ ಯೋಚನೆ ಮಕ್ಕಳಿಗೇ ಬರುತ್ತದೆ, ಹತ್ತು ಗುಡ್ಡೆ ಸೇರಿದರೆ ಒಂದು ಬಟ್ಟಲು. ನಾಲ್ಕು ಬಟ್ಟಲು, ಮೂರು ಗುಡ್ಡೆ, ಏಳು ಬಿಡಿ: 437. ನೂರು, ಹತ್ತು, ಬಿಡಿಯ ಸ್ಥಾನಬೆಲೆಗೆ ಬೇರೆ ಮಣಿಚೌಕಟ್ಟು ಬೇಡ. ಕೈ ತೊಳೆದು ಎಣಿಸಿದ್ದರೆ ಕಾಳನ್ನು ತಿನ್ನಲು ಕೊಡಬಹುದು, ಅಂಗಿಗೆ ಕಲೆಯಾದರೆ ಮನೆಯಿಂದ ದೂರು ಬರುವುದಕ್ಕೂ ಸಿದ್ಧವಿರಬೇಕು.

ಬಿಸಿಯೂಟದ ಲೆಕ್ಕವನ್ನು ಬೇಗ ಹೇಳಿ ಮುಗಿಸಬಹುದು. ನಿಯಮದಂತೆ ತರಕಾರಿ 1ರಿಂದ 5ನೇ ತರಗತಿಯ ಮಗುವಿಗೆ 50 ಗ್ರಾಂ, 6ರಿಂದ 8ಕ್ಕೆ 75 ಗ್ರಾಂ. ಚಿಕ್ಕವರು 64, ದೊಡ್ಡವರು 42 ಹಾಜರಿದ್ದರೆ 3,200 ಮತ್ತು 3,150, ಒಟ್ಟು 6.35 ಕೆಜಿ. ಇಲ್ಲಿಗೆ ನಿಲ್ಲಿಸದೆ, ಹೀರಿಕಾಯಿಯನ್ನು ಹೆರೆಯುವ ಮೊದಲು, ಹೆರೆದ ಮೇಲೆ ತೂಗಿಸಿದರೆ ಕೊಳ್ಳಬೇಕಾದ್ದು ಎಷ್ಟೆಂಬ ಶೇಕಡಾ ಲೆಕ್ಕ ತಾನಾಗಿಯೇ ಹುಟ್ಟುತ್ತದೆ.

ಸಮಾಜ ವಿಜ್ಞಾನಕ್ಕೆ ಒಂದು ಬುಟ್ಟಿ ಸಾಕು, ಕೊಯ್ಯುವುದೂ ಬೇಡ. ವಿಜಯನಗರದ ಪಾಠ ಬಂದಾಗ ಮೇಜಿನ ಮೇಲೆ ಅವತ್ತಿನ ಸಾಂಬಾರಿನ ಸಾಮಾನೆಲ್ಲ ಹರಡಿ ಕೇಳಬೇಕು: ಕೃಷ್ಣದೇವರಾಯನ ಕಾಲದಲ್ಲಿ ಆನೆಗೊಂದಿಯ ಅಡುಗೆಮನೆಯಲ್ಲಿ ಇವುಗಳಲ್ಲಿ ಯಾವುದು ಇತ್ತು? 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಲ್ಲಿನ ಲಿಂಬಿ, ಕಿತ್ತಳೆ, ದ್ರಾಕ್ಷಿ, ದಾಳಿಂಬರಿ, ಬದನಿಕಾಯಿಗಳ ರಾಶಿ ಕಂಡು ಬರೆದಿದ್ದಾನೆ. ಬದನಿಕಾಯಿ, ಹೀರಿಕಾಯಿ, ಸವತಿಕಾಯಿ, ತೊಗರಿ, ಹುಣಸೆ ಉಳಿಯಲಿ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ, ಪೇರಲ, ಪಪ್ಪಾಯಿ ಇವೆಲ್ಲ ಅಮೆರಿಕ ಖಂಡದವು. 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲೆ, 1498ರಲ್ಲಿ ವಾಸ್ಕೋ ಡ ಗಾಮ ಇತ್ತ ಬಂದ ಮೇಲೆ, ಹಡಗಿನ ದಾರಿ ಕೂಡಿದ ನಂತರ ಬಂದವು. ಒಂದೊಂದಾಗಿ ಎತ್ತಿ ಪಕ್ಕಕ್ಕಿಡಿಸಬೇಕು. ಮೆಣಸಿನಕಾಯಿ ಎತ್ತುವಾಗ ಖಾರಕ್ಕೇನು ಮಾಡುತ್ತಿದ್ದರು ಎಂದು ಕೇಳುತ್ತಾರೆ; ಕರಿಮೆಣಸು ತೋರಿಸಿ, ಅದೇ ಮೆಣಸಿಗಾಗಿ ಪೋರ್ಚುಗೀಸರು ಬಂದದ್ದು ಎಂದು ಅಲ್ಲಿಂದ ವ್ಯಾಪಾರದ ಅಧ್ಯಾಯಕ್ಕೆ ಹೋಗಬಹುದು. ಶೇಂಗಾ ಎತ್ತುವಾಗ ಮಾತ್ರ ಗಲಾಟೆ. ‘ಶೇಂಗಾ ಹಿಂಡಿ ಇಲ್ದ ರೊಟ್ಟಿ ಹೆಂಗ ತಿಂತಿದ್ರರಿ ಟೀಚರ್?’ ಎಂದವಳಿಗೆ ಅಗಸಿ, ಗುರೆಳ್ಳು ನೆನಪಿಸಿದರಾಯಿತು.

ಕನ್ನಡ ಅವಧಿಗೆ ನಾವು ಕಾಯಿಪಲ್ಯೆ ಬಳಸುವುದು ಕಡಿಮೆ. ಚೀಲದೊಳಗೆ ಕೈ ಹಾಕಿ ಮುಟ್ಟಿದ್ದನ್ನು ಹೆಸರು ಹೇಳದೆ ಮೂರು ವಾಕ್ಯದಲ್ಲಿ ಬಣ್ಣಿಸುವ ಆಟವೊಂದು ಚೆನ್ನಾಗಿ ನಡೆಯುತ್ತದೆ. ಬಾಕಿಯೆಲ್ಲ ಎಳೆದು ತಂದದ್ದು ಅನ್ನಿಸುತ್ತದೆ.

ಒಣಗಿಸುವ ಲೆಕ್ಕಕ್ಕೆ ಬೇಸಿಗೆಯೇ ಸರಿ, ಫೆಬ್ರವರಿ-ಮಾರ್ಚಿನ ಬಿಸಿಲು ಸಾಕಷ್ಟಾಯಿತು. ಮನೆಯಲ್ಲಿ ಬಾಳಕ, ಸಂಡಿಗೆ ಇಡುವುದನ್ನು ನೋಡಿದ ಮಕ್ಕಳಿಗೆ ವಿಧಾನ ಹೇಳಿಕೊಡಬೇಕಿಲ್ಲ. ಖಾಲಿ ತಟ್ಟೆಯ ತೂಕವನ್ನು ಮೊದಲು ಬರೆದುಕೊಳ್ಳುವುದನ್ನು ಮಾತ್ರ ಮರೆಯುತ್ತಾರೆ, ಮರೆತರೆ ಮೂರು ದಿನದ ಕೆಲಸ ನೀರಿನಲ್ಲಿ ಹೋಮ. 500 ಗ್ರಾಂ ಟೊಮೆಟೊವನ್ನು ಅರ್ಧ ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಕೊಯ್ದು, ತೆಳು ಬಟ್ಟೆ ಮುಚ್ಚಿ, ಮಾಳಿಗೆಯ ಮೇಲಿಡಬೇಕು. ದಪ್ಪ ಬಿಲ್ಲೆ ಒಳಗೆ ಹಸಿ ಉಳಿದು ಬೂಸು ಹಿಡಿಯುತ್ತದೆ. ಸಂಜೆ ಒಳಗೆ ತರದಿದ್ದರೆ ಇಬ್ಬನಿಗೆ ತೂಕ ಮತ್ತೆ ಏರಿ, ಮರುದಿನದ ಅಂಕಿ ತಲೆ ತಿನ್ನುತ್ತದೆ. ದಿನಕ್ಕೆ ಎರಡು ಸಲ ಒಂದೇ ಹೊತ್ತಿಗೆ ತೂಗಿ ರೇಖಾಚಿತ್ರಕ್ಕೆ ಚುಕ್ಕೆ ಇಡಿಸಿದರೆ, ಗೆರೆ ಮೊದಲ ದಿನ ಕಡಿದಾಗಿ ಇಳಿದು ಆಮೇಲೆ ಮಲಗುತ್ತ ಹೋಗುವುದು ಕಾಣುತ್ತದೆ. ಕೊನೆಗೆ 40-50 ಗ್ರಾಂ ಉಳಿದರೆ ಶೇಕಡಾ 90ರಷ್ಟು ಹೋಯಿತು, ಅಷ್ಟೂ ನೀರು. ಅದೇ ತಟ್ಟೆಯ ಪಕ್ಕ 500 ಗ್ರಾಂ ಆಲೂಗಡ್ಡೆ ಬಿಲ್ಲೆ ಇಟ್ಟರೆ ಉಳಿಯುವುದು ಎರಡು ಪಟ್ಟಿಗೂ ಮಿಗಿಲು. ಸಂತೆಯಲ್ಲಿ ಎರಡರ ಕೆಜಿ ದರವೂ ಒಂದೇ ಇದ್ದ ವಾರ, ನೀರು ಬಿಟ್ಟು ಲೆಕ್ಕ ಹಾಕಿದರೆ ಯಾವುದು ಅಗ್ಗ ಎಂಬುದನ್ನು ಮನೆಕೆಲಸಕ್ಕೆ ಕೊಡುತ್ತೇವೆ. ಒಣಗಿದ ಟೊಮೆಟೊ ಅಡುಗೆಯ ಅಕ್ಕಂದಿರ ಡಬ್ಬಿಗೆ ಹೋಗುತ್ತದೆ.